ಮೂರನೇ ನುಡಿ

ಶರ್ವಾಣಿ ಎಂಬ ಹಾಡುಗಾರ್ತಿ ಮೌಲಪ್ಪಜ್ಜನ ಮಠದಲ್ಲಿ ಹತ್ತೊಂಬತ್ತು ದಿನವಿದ್ದು ತತ್ವಪದ ಕಲಿತು ಹೋಗಿದ್ದಳು. ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ತಿರುಗಿ ಬಂದಳು.

ಮಠವೆಂದರೆ ಭೀಮಾ ಹೊಳೆಯ ದಂಡೆಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬೇವಿನ ಮರ. ಅಜ್ಜ ಮರದ ಕೆಳಗೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಯಾಕ ಬಂದಿ?"

"ತಪ್ಪು ಒಪ್ಪಿಕೊಳ್ಳೋಕೆ ಬಂದೆ."

"ಏನು ತಪ್ಪು?"

"ಅದೇ ಗೊತ್ತಾಗ್ತಿಲ್ಲ, ಅಜ್ಜಾ."

ಅಜ್ಜ ಎರಡು ಹಿಡಿ ಶೇಂಗಾ ಅವಳ ಮುಂದೆ ಸರಿಸಿದರು. "ಸುಲಿ. ಸುಲಿಕೋತ ಹೇಳು."

ಅವಳು ಹೇಳಿದಳು. ದಾವಣಗೆರೆಯಲ್ಲಿ ಅವಳದೊಂದು ತಂಡ. ಐದು ಜನ. ಗಿಟಾರು, ಡ್ರಮ್ಸು, ಕೀಬೋರ್ಡು ಇದ್ದವು. ಮಠದಲ್ಲಿ ಕಲಿತ ದೋಣಿಯ ಪದವನ್ನು ಅವರು ಹೊಸ ತಾಳಕ್ಕೆ ಕೂರಿಸಿದರು. ಆ ಪದವನ್ನು ಕಟ್ಟಿದವನು ಯಾವುದೋ ಕಾಲದ ಒಬ್ಬ ಅವಧೂತ. ಇದೇ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದನಂತೆ. ಹೆಸರು ಯಾರಿಗೂ ಗೊತ್ತಿಲ್ಲ.

ಹಗ್ಗ ಬಿಚ್ಚಿದವರ್ಯಾರ ದೋಣಿಗೆ ತಂಗಿ
ಹಗ್ಗ ಬಿಚ್ಚಿದವರ್ಯಾರ
ದಂಡಿಗೆ ನಿಂತವರು ದಂಡಿಲೇ ಉಳಿದಾರ
ಹಗ್ಗ ಬಿಚ್ಚಿದವರ್ಯಾರ

ಹಾಡು ಹರಡಿತು. ಮದುವೆ ಮೆರವಣಿಗೆಯಲ್ಲಿ ಬಂತು. ಆಟೋಗಳಲ್ಲಿ ಬಂತು. ಜನ ಅವಳ ಹೆಸರು ಮರೆತು, "ಹಗ್ಗ ಬಿಚ್ಚಿದವಳು" ಎಂದೇ ಕರೆಯತೊಡಗಿದರು.

"ಹೋದ ತಿಂಗಳು ಒಂದು ಕಾಲೇಜು ಮೈದಾನದಲ್ಲಿ ಹಾಡಿದ್ವಿ" ಎಂದಳು ಶರ್ವಾಣಿ. "ಸಾವಿರಾರು ಜನ ಕುಣಿದರು. ಮುಗಿದ ಮೇಲೆ ಒಬ್ಬ ವೇದಿಕೆ ಹತ್ತಿರ ಬಂದ. ಈ ಕಡೆಯವನೇ. ಲಾರಿ ಓಡಿಸ್ತಾನಂತೆ. 'ನಮ್ಮವ್ವ ತೀರಿಕೊಂಡಾಗ ಹೆಣದ ಮುಂದ ಇದೇ ಪದ ಹಾಡಿದ್ರು' ಅಂದ."

"ಬೈದನಾ?"

"ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ಇವತ್ತ ನಾನೂ ಕುಣದೆ, ಅಕ್ಕಾ. ಈಗ ಮನಿಗಿ ಹ್ಯಾಂಗ ಹೋಗ್ಲಿ?' ಅಂತ ಕೇಳಿದ."

ಅಜ್ಜ ಸುಲಿಯುವುದನ್ನು ನಿಲ್ಲಿಸಿದರು. "ನೀ ಏನಂದಿ?"

"'ಹೆಣದ ಮುಂದೆ ಹಾಡೋ ಪದ ಅಂತ ಗೊತ್ತಿರಲಿಲ್ಲ' ಅಂದೆ. ಅವತ್ತಿನಿಂದ ಹಾಡೋಕೆ ಆಗ್ತಿಲ್ಲ. ಎರಡನೇ ಸಾಲಿಗೆ ಗಂಟಲು ಕಟ್ಟುತ್ತೆ. ಡಾಕ್ಟರು ಗಂಟಲು ನೋಡಿ ಏನೂ ಇಲ್ಲ ಅಂದರು. ಇನ್ನು ಹನ್ನೆರಡು ದಿನಕ್ಕೆ ದೊಡ್ಡ ಕಾರ್ಯಕ್ರಮ ಇದೆ. ತಂಡದವರು ಕಾಯ್ತಿದ್ದಾರೆ."

ಅಷ್ಟರಲ್ಲಿ ಸಾಯಬಣ್ಣ ಬಂದ. ಅಜ್ಜನ ಹಿರಿಯ ಶಿಷ್ಯ. ಕೆಲಸದಲ್ಲಿ ಗೌಂಡಿ. ನಲವತ್ತು ವರ್ಷದಿಂದ ಹಗಲು ಗೋಡೆ ಕಟ್ಟಿ, ಸಂಜೆ ಮಠದಲ್ಲಿ ದಮ್ಮಡಿ ಬಾರಿಸುತ್ತಿದ್ದ.

ಶರ್ವಾಣಿಯನ್ನು ನೋಡಿದ್ದೇ ಅವನ ಮುಖ ಬಿಗಿಯಿತು.

"ಬಂದಳೇನು? ಸತ್ತವರ ಪದಕ್ಕ ಕುಣಿಸಿದಾಕಿ?"

"ಸಾಯಬಣ್ಣಾ, ಕೂಡು" ಎಂದರು ಅಜ್ಜ.

"ಕೂಡಂಗಿಲ್ಲ. ಈ ಹಾಡು ಬಂದಾಗಿನಿಂದ ಊರಾಗ ಹುಡುಗರು ನನ್ನ ನೋಡಿ ಸೊಂಟ ತಿರುವ್ತಾರ. ನಾ ಹಾಡಿದ್ರ, 'ಕಾಕಾ, ಜೋರ್ ಹಾಡ್ರಿ, ಮೊಬೈಲಿನಂಗ' ಅಂತಾರ. ನಾ ಏನು ನಕಲು ಮಾಡೋನಾ?"

ಶರ್ವಾಣಿ ತಲೆ ತಗ್ಗಿಸಿದಳು.

ಅಜ್ಜ ಅವಳ ಕಡೆ ತಿರುಗಿದರು. "ಆ ಮೊಬೈಲಿನಾಗಿಂದು ಹಚ್ಚು. ನಾ ಕೇಳಿಲ್ಲ."

ಅವಳು ಹಚ್ಚಿದಳು. ಅಜ್ಜ ಕಣ್ಣು ಮುಚ್ಚಿ ಕೇಳಿದರು. ಡ್ರಮ್ಸು ಬಂದಾಗ ಅವರ ಬಲಗಾಲು ಅಲುಗಾಡತೊಡಗಿತು.

"ಅಜ್ಜಾ, ಕಾಲು!" ಎಂದ ಸಾಯಬಣ್ಣ.

"ನನಗ್ಯಾಕ ಹೇಳ್ತಿ? ಕಾಲಿಗಿ ಬೈ."

ಸಾಯಬಣ್ಣ ದಡದಡ ಹೊಳೆಯ ಕಡೆ ಇಳಿದು ಹೋದ.

ಹಾಡು ಮುಗಿಯಿತು. ಶರ್ವಾಣಿಗೆ ಸ್ವಲ್ಪ ಧೈರ್ಯ ಬಂತು. "ಹಾಗಾದರೆ ತಪ್ಪಿಲ್ಲ ಅಲ್ವಾ, ಅಜ್ಜಾ?"

"ಇದರಾಗ ಎರಡೇ ನುಡಿ ಅದಾವ."

"ನೀವು ಕಲಿಸಿದ್ದೇ ಎರಡು ನುಡಿ."

"ನೀ ಇದ್ದದ್ದು ಎರಡು ನುಡಿ ಕಲಿಯುವಷ್ಟು."

ಅವಳಿಗೆ ಆ ದಿನ ನೆನಪಾಯಿತು. ಹತ್ತೊಂಬತ್ತನೇ ದಿನ ರೆಕಾರ್ಡಿಂಗಿಗೆ ಜಾಗ ಸಿಕ್ಕಿದೆಯೆಂದು ಫೋನು ಬಂದಿತ್ತು. ಅವಳು ಹೊರಟಿದ್ದಳು. ಪದ ಮುಗಿಯಿತೇ ಎಂದು ಕೇಳಿರಲಿಲ್ಲ.

"ಇನ್ನೂ ಎಷ್ಟು ನುಡಿ ಇದೆ?"

"ಒಂದು."

"ಹೇಳಿಕೊಡ್ತೀರಾ?"

"ನಾಳಿಗಿ."

ಮರುದಿನ ಕೇಳಿದಳು. "ನಾಳಿಗಿ" ಎಂದರು ಅಜ್ಜ. ಅದರ ಮರುದಿನವೂ ಹಾಗೇ ಅಂದರು.

ಅವಳನ್ನು ಅಡುಗೆಮನೆಗೆ ಕಳಿಸಿದರು. ಅಲ್ಲಿ ನಿಂಬೆವ್ವ ಇದ್ದಳು. ಎಪ್ಪತ್ತರ ಮುದುಕಿ. ಮಠಕ್ಕೆ ಬಂದವರಿಗೆಲ್ಲ ಮೂವತ್ತು ವರ್ಷದಿಂದ ರೊಟ್ಟಿ ಬಡಿದವಳು. ಶರ್ವಾಣಿ ಜೋಳದ ಹಿಟ್ಟು ಸಾಣಿಸಿ ಕೊಟ್ಟಳು. ರೊಟ್ಟಿ ಬಡಿಯಲು ಹೋದರೆ ಹರಿಯಿತು.

"ಕೈ ಬ್ಯಾರೆ, ಮನಸ ಬ್ಯಾರೆ ಇದ್ರ ಹರಿತದ" ಎಂದಳು ನಿಂಬೆವ್ವ. "ನಿನ್ನ ಹಾಡಿಗೇ ಬಡಿ. ನೋಡು ಹಿಂಗ."

ಮುದುಕಿ ಮೊಬೈಲಿನ ಹಾಡನ್ನು ಗುನುಗುತ್ತ, ಡ್ರಮ್ಸು ಬೀಳುವ ಜಾಗದಲ್ಲಿ ಅಂಗೈ ಬೀಳಿಸಿದಳು. ಪಟ್ ಪಟ್. ಪಟ ಪಟ ಪಟ್. ರೊಟ್ಟಿ ದುಂಡಗೆ ಹರಡಿತು.

"ನಿಮಗೆ ಬೇಜಾರಾಗಲಿಲ್ವಾ, ನಾವು ಹೀಗೆ ಹಾಡಿದ್ದು?"

"ಬ್ಯಾಸರಕ್ಕ ಏನಾಗ್ಯದ? ನನ್ನ ಮಗಳು ಚಂದಮ್ಮನ ಫೋನಿನಾಗ ದಿನಾ ಕೇಳ್ತೀನಿ. ಮದಲು ಈ ಪದ ಕೇಳಿದ್ರ ಯಾರ ಮನ್ಯಾಗ ಏನಾತು ಅಂತ ಎದಿ ಝಲ್ ಅಂತಿತ್ತು. ಈಗ ಅನ್ನಂಗಿಲ್ಲ."

ಶರ್ವಾಣಿಗೆ ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಎದೆ ಝಲ್ ಅನ್ನಬೇಕಾದ ಹಾಡನ್ನು ತಾನು ಮೊಂಡು ಮಾಡಿದೆನೇ? ಅಥವಾ ಒಬ್ಬ ಮುದುಕಿಯ ಹೆದರಿಕೆ ತೆಗೆದೆನೇ?

ಅಜ್ಜನನ್ನು ಕೇಳಿದಳು.

"ಎರಡೂ ಮಾಡಿದಿ" ಎಂದರು ಅಜ್ಜ.

"ಎರಡೂ ಹೇಗಾಗುತ್ತೆ?"

"ಒಲಿ ಹಚ್ಚಿದ್ರ ಹೊಗಿನೂ ಬರ್ತದ, ರೊಟ್ಟಿನೂ ಬೇಯ್ತದ. ನೀರು ತುಂಬಿಲ್ಲ, ಹೋಗು."

ಆರನೆಯ ದಿನ ಬೆಳಿಗ್ಗೆ ನಿಂಬೆವ್ವ ಅಡುಗೆಮನೆಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಓಣಿಯಿಂದ ಅಳು ಕೇಳಿಸಿತು. ಮುಖ ತೊಳೆಯಲು ಎದ್ದವಳು ಹೊಸ್ತಿಲ ಮೇಲೆ ಕೂತಳಂತೆ. ಕೂತಲ್ಲೇ ಹೋಗಿದ್ದಳು.

ಅಜ್ಜ ಏಕತಾರಿ ತೆಗೆದುಕೊಂಡರು. ಸಾಯಬಣ್ಣ ದಮ್ಮಡಿ ತೆಗೆದುಕೊಂಡ. ಶರ್ವಾಣಿ ಏನೂ ತೆಗೆದುಕೊಳ್ಳದೆ ಹಿಂದೆ ಹೋದಳು.

ಅಂಗಳದಲ್ಲಿ ನಿಂಬೆವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿ, ಮಲ್ಲಿಗೆ ಮುಡಿಸಿದ್ದರು. ಕೈಯ ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

ಅಜ್ಜ ಕೂತರು. ಏಕತಾರಿ ಎತ್ತಿದರು.

ಚಂದಮ್ಮ ಅಳು ನಿಲ್ಲಿಸಿ ಎದ್ದು ಬಂದಳು.

"ಅಜ್ಜಾ, ಒಂದು ಮಾತು. ಅವ್ವ ನನಗ ಹೇಳಿಟ್ಟಾಳ. 'ನಾ ಹೋದಾಗ ಆ ಹುಡುಗಿ ಹಾಡ್ದಂಗ ಹಾಡ್ರಿ' ಅಂತ."

ಸಾಯಬಣ್ಣ ದಮ್ಮಡಿ ನೆಲಕ್ಕಿಟ್ಟ. "ಹೆಣದ ಮುಂದ ಕುಣಿಯೋ ಹಾಡಾ? ಚಂದಮ್ಮಾ, ನಿನಗ ದುಃಖ ಆಗ್ಯದ. ಏನು ಹೇಳ್ಲಿಕತ್ತಿದಿ ನಿನಗ ತಿಳಿವಲ್ದು."

"ನನಗ ತಿಳಿತದ, ಕಾಕಾ. ಸತ್ತಾಕಿ ನಮ್ಮವ್ವ."

"ಮಂದಿ ಏನಂತಾರ?"

"ಮಂದಿ ಸತ್ತಾಗ ಮಂದಿ ಹೇಳ್ದಂಗ ಹಾಡ್ರಿ."

ಅಂಗಳದಲ್ಲಿ ಇದ್ದವರೆಲ್ಲ ಅಜ್ಜನ ಕಡೆ ನೋಡಿದರು.

ಅಜ್ಜ ಏಕತಾರಿಯನ್ನು ಶರ್ವಾಣಿಯ ತೊಡೆಯ ಮೇಲಿಟ್ಟರು.

"ಅಜ್ಜಾ, ನನಗೆ ಗಂಟಲು ಕಟ್ಟಿದೆ. ಮೂರನೇ ನುಡಿನೂ ಬರಲ್ಲ."

"ಬರೋದು ಹಾಡು."

ಅವಳು ತಂತಿ ಮೀಟಿದಳು. ಮೊದಲ ಸಾಲು ಹಾಡಿದಳು. ಎರಡನೆಯ ಸಾಲಿಗೆ ಗಂಟಲು ಹಿಡಿಯಿತು. ಎದುರಿಗೆ ನಿಂಬೆವ್ವ ಕೂತಿದ್ದಳು. ತಂತಿ ಮಾತ್ರ ಮಿಡಿಯುತ್ತಿತ್ತು. ಯಾರೋ ಕೆಮ್ಮಿದರು.

ಆಗ ಚಂದಮ್ಮ ಅಂಗೈಯಿಂದ ನೆಲ ಬಡಿಯತೊಡಗಿದಳು. ಅಳುತ್ತಲೇ ಬಡಿದಳು. ಪಟ್ ಪಟ್. ಪಟ ಪಟ ಪಟ್. ತಾಯಿಯ ಪಕ್ಕ ಕೂತು ಕಲಿತ ಬಡಿತ.

ಶರ್ವಾಣಿಯ ಬೆರಳು ಆ ಬಡಿತವನ್ನು ಹಿಡಿಯಿತು. ದನಿ ಅದರ ಹಿಂದೆ ಬಂತು. ಒಡೆದ ದನಿ. ಆದರೂ ಬಂತು. ಹೆಂಗಸರು ಒಬ್ಬೊಬ್ಬರಾಗಿ ಸೇರಿಕೊಂಡರು.

ಹುಟ್ಟು ಇಲ್ಲದ ದೋಣಿ ಹೊಳಿನಡುವೆ ನಡೆದಾದ
ಗಾಳಿ ಇಲ್ಲದ ಹಾಯಿ ತಾನಾಗಿ ತೆರೆದಾದ
ಹಗ್ಗ ಬಿಚ್ಚಿದವರ್ಯಾರ

ಅಲ್ಲಿಗೆ ಅವಳಿಗೆ ಗೊತ್ತಿದ್ದ ಎರಡು ನುಡಿ ಮುಗಿಯಿತು. ಅವಳು ಅಜ್ಜನ ಕಡೆ ನೋಡಿದಳು. ಎಲ್ಲರೂ ನೋಡಿದರು. ಮೂರನೇ ನುಡಿಯನ್ನು ಯಾವಾಗಲೂ ಅಜ್ಜನೇ ಎತ್ತಿಕೊಳ್ಳುವುದು.

ಅಜ್ಜ ಬಾಯಿ ತೆರೆದರು.

ಮಾತು ಹೊರಡಲಿಲ್ಲ.

ನೆಲದ ಬಡಿತ ನಡೆದೇ ಇತ್ತು. ಅಜ್ಜ ಒಮ್ಮೆ ನಿಂಬೆವ್ವನನ್ನು ನೋಡಿದರು. ಒಮ್ಮೆ ತಮ್ಮ ಕೈಗಳನ್ನು ನೋಡಿಕೊಂಡರು. ತುಟಿ ಅಲುಗಿತು. ಏನೂ ಬರಲಿಲ್ಲ.

ಆಗ ಸಾಯಬಣ್ಣ ದಮ್ಮಡಿ ಕೈಗೆತ್ತಿಕೊಂಡ.

ನಿಧಾನ ಮಾಡಲು ಅವನಿಗೆ ಸಮಯವಿರಲಿಲ್ಲ. ಬಡಿತ ಓಡುತ್ತಿತ್ತು. ಅವನು ಓಡುವ ಬಡಿತದೊಳಕ್ಕೇ ಹಾರಿದ.

ಹೊತ್ತ ನಾಲ್ವರು ನಿಂತಾರ ಮೊಣಕಾಲ ನೀರೊಳಗ
ಅತ್ತ ಕಣ್ಣು ಒಣಗ್ಯಾವ ಹೊತ್ತು ಮುಳುಗೋದ್ರೊಳಗ
ಹಗ್ಗ ಬಿಚ್ಚಿದವರ್ಯಾರ

ಶರ್ವಾಣಿ ಆ ಮಾತುಗಳನ್ನು ಮೊದಲ ಸಲ ಕೇಳಿದಳು. ಮದುವೆ ಮೆರವಣಿಗೆಯ ತಾಳ. ಹೆಣ ಹೊತ್ತವರ ಮಾತು. ಎರಡೂ ಒಂದೇ ಬಾಯಲ್ಲಿ. ಅವಳಿಗೆ ಅಳು ಬಂತು. ಜೊತೆಗೆ ಭುಜವೂ ಅಲುಗಾಡಿತು. ಯಾವುದನ್ನು ತಡೆಯಬೇಕೆಂದು ತಿಳಿಯದೆ ತಂತಿ ಮೀಟುತ್ತಲೇ ಇದ್ದಳು.

ಸಾಯಬಣ್ಣನ ಕಣ್ಣಿನಿಂದ ನೀರು ಇಳಿದು ದಮ್ಮಡಿಯ ಮೇಲೆ ಬೀಳುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ. ಆ ನುಡಿಯನ್ನು ಅವನು ಒಂಬತ್ತು ಸಲ ಹಾಡಿದ.

ಮಧ್ಯಾಹ್ನದ ಹೊತ್ತಿಗೆ ಮಣ್ಣು ಮಾಡುವುದು ಮುಗಿಯಿತು. ಮೂವರೂ ಹೊಳೆಯಲ್ಲಿ ಮುಳುಗೆದ್ದು ದಂಡೆಯ ಕಲ್ಲುಗಳ ಮೇಲೆ ಕೂತರು. ಬಟ್ಟೆ ಮೈಮೇಲೇ ಆರುತ್ತಿತ್ತು.

ಸಾಯಬಣ್ಣ ಅಂಗಿಯ ಅಂಚು ಹಿಂಡಿದ.

"ಅಜ್ಜಾ, ನನಗ ನಾಚಿಕಿ ಬರಬೇಕಾಗಿತ್ತು. ಬರವಲ್ದು."

"ಬಂದಾಗ ಬರ್ಲಿ" ಎಂದರು ಅಜ್ಜ. "ಕರೀಲಿಕ್ಕ ಹೋಗಬ್ಯಾಡ."

"ಆದ್ರ ಹಂಗ ಹಾಡೋದು ಸರಿನಾ?"

"ನೀನೇ ಹಾಡಿದಿ. ನೀನೇ ಹೇಳು."

"ನನಗ ತಿಳಿವಲ್ದು."

ಶರ್ವಾಣಿ ಒಳಗೊಳಗೇ ಒಂದು ವಿಷಯ ಖಚಿತ ಮಾಡಿಕೊಂಡಿದ್ದಳು. ಗುರುಗಳು ಹಾಗೆಯೇ. ಮರೆತಂತೆ ನಟಿಸಿ ಸಾಯಬಣ್ಣನ ಬಾಯಿ ತೆರೆಸಿದರು. ಅದೂ ಒಂದು ಪಾಠ. ಅವಳು ನಗುತ್ತ ಕೇಳಿದಳು.

"ಅಜ್ಜಾ, ನೀವು ಬೇಕಂತಲೇ ಸುಮ್ಮನಾದ್ರಿ ಅಲ್ವಾ?"

"ಇಲ್ಲವ್ವ" ಎಂದರು ಅಜ್ಜ. "ಮರತೆ."

ಅವಳ ನಗು ನಿಂತಿತು.

"ನಿನ್ನಿ ಸಂಜಿ ನೆನಪಿತ್ತು. ಇವತ್ತ ಬಾಯಿ ತಗದೆ, ಏನೂ ಇರಲಿಲ್ಲ. ಈ ವರ್ಷ ಹಿಂಗ ಆಗಿದ್ದು ಇದು ನಾಕನೇ ಸಲ."

ಸಾಯಬಣ್ಣ ಎದ್ದು ನಿಂತ. "ನನಗ ಹೇಳಲಿಲ್ಲಲ್ಲ!"

"ಹೇಳಬೇಕಂತ ಮಾಡಿದ್ದೆ. ಅದೂ ಮರತೆ."

ಅಜ್ಜ ನಕ್ಕರು. ಇಬ್ಬರೂ ನಗಲಿಲ್ಲ.

"ದಿನಾ ಕೇಳಿದಾಗ ನಾಳೆ ನಾಳೆ ಅಂದಿದ್ದು..." ಎಂದಳು ಶರ್ವಾಣಿ.

"ಎರಡು ದಿನ ನೀ ಕೂಡಲಿ ಅಂತ ಅಂದೆ. ಮೂರನೇ ದಿನ ನುಡಿ ಸಿಗಲಿಲ್ಲ, ಅದಕ್ಕ ಅಂದೆ. ನಿನ್ನಿ ಸಂಜಿ ಸಿಕ್ತು. ಅವಾಗ ನೀ ಮಲಗಿದ್ದಿ."

ಹೊಳೆ ಹರಿಯುತ್ತಿತ್ತು. ಅಜ್ಜ ಅದನ್ನೇ ನೋಡುತ್ತಿದ್ದರು.

"ಅಂಜಿಕಿ ಆತು, ಸಾಯಬಣ್ಣಾ" ಎಂದರು ಮೆಲ್ಲಗೆ. "ನಿಂಬೆವ್ವನ ಮುಂದ. ಸುಳ್ಳು ಯಾಕ ಹೇಳ್ಲಿ?"

ಅಜ್ಜ ಏನು ಮಾಡಿದರೂ ಅದರಲ್ಲೊಂದು ಗುಟ್ಟಿದೆಯೆಂದು ಶರ್ವಾಣಿ ತಿಳಿದಿದ್ದಳು. ಈಗ ನೋಡಿದರೆ, ಎದುರಿಗೆ ಹೆದರಿದ ಒಬ್ಬ ಮುದುಕ ಒದ್ದೆ ಧೋತರದಲ್ಲಿ ಕೂತಿದ್ದ.

"ನಿಮಗೆ ಎಷ್ಟು ಪದ ಬರುತ್ತೆ, ಅಜ್ಜಾ?"

"ಒಂದು ಕಾಲಕ್ಕ ನೂರಾ ಇಪ್ಪತ್ತು."

"ಬರೆದಿಟ್ಟಿದ್ದೀರಾ?"

"ನನಗ ಅಕ್ಷರ ಬರಂಗಿಲ್ಲ. ಇವಗ ಬರ್ತದ, ಪುರಸತ್ತಿಲ್ಲ."

ಸಾಯಬಣ್ಣ ಮತ್ತೆ ಕೂತ. ಈ ಸಲ ಶರ್ವಾಣಿಯ ಪಕ್ಕದ ಕಲ್ಲಿನ ಮೇಲೆ.

"ಮೊಬೈಲಿನಾಗ ಹಾಡು ಹಿಡಿಲಿಕ್ಕ ಬರ್ತದೇನು?" ಎಂದು ಕೇಳಿದ. ಅವಳ ಜೊತೆ ಅವನು ಸಿಟ್ಟಿಲ್ಲದೆ ಆಡಿದ ಮೊದಲ ಮಾತು ಅದು.

"ಬರುತ್ತೆ."

"ನನಗ ಕಲಿಸು."

ಅವಳು ಕಲಿಸಿದಳು. ಅವನ ಬೆರಳಿಗೆ ಗಾರೆ ಮೆತ್ತಿ ಚರ್ಮ ದಪ್ಪವಾಗಿತ್ತು. ಗಾಜಿನ ಮೇಲೆ ಒತ್ತಿದ್ದು ಹಿಡಿಯಲಿಲ್ಲ. ನಾಲ್ಕನೆಯ ಸಲ ಹಿಡಿಯಿತು.

"ಈಗ ಮೂರನೇ ನುಡಿ ಹೇಳ್ತೀನಿ, ಹಿಡಕೋ" ಎಂದ. ಹಳೆಯ ನಿಧಾನದಲ್ಲಿ ಹೇಳಿದ. ಅವಳು ಹಿಂದೆ ಹೇಳಿದಳು. ಅಜ್ಜನೂ ಹಿಂದೆ ಹೇಳಿದರು, ಮಗ್ಗಿ ಕಲಿಯುವ ಮಕ್ಕಳ ಹಾಗೆ.

ಅವಳು ಮತ್ತೆ ಐದು ದಿನ ಉಳಿದಳು. ಅಜ್ಜನಿಗೆ ನೆನಪಾದಾಗ ಹಾಡಿದರು. ಹೊಲದ ಬದುವಿನಲ್ಲಿ, ಊಟದ ನಡುವೆ, ಎಲ್ಲೆಂದರಲ್ಲಿ. ಸಾಯಬಣ್ಣ ಆ ದಿನಗಳಲ್ಲಿ ಗೌಂಡಿ ಕೆಲಸಕ್ಕೆ ಹೋಗಲಿಲ್ಲ. ಐವತ್ತೆರಡು ಪದ ಸಿಕ್ಕವು. ಉಳಿದವು ಸಿಗಲಿಲ್ಲ. ಕೆಲವು ಅರ್ಧಕ್ಕೇ ನಿಂತವು.

ಹೊರಡುವ ಹಿಂದಿನ ದಿನ ಅವಳ ತಂಡದ ಗಿಟಾರಿನ ಹುಡುಗಿ ಪ್ರೆಸಿಲ್ಲಾ ಫೋನು ಮಾಡಿದಳು.

"ಗಂಟಲು ಸರಿಹೋಯ್ತಾ?"

"ಹಾಡೋಕೆ ಆಗ್ತಿದೆ. ಮೂರನೇ ನುಡಿ ಸಿಕ್ಕಿದೆ. ಅದನ್ನೂ ಹಾಡ್ತೀನಿ."

"ಯಾವ ತಾಳಕ್ಕೆ? ಅದೇ ಸ್ಪೀಡಾ, ನಿಧಾನನಾ?"

ಶರ್ವಾಣಿ ಮೊಣಕಾಲಿನ ಮೇಲೆ ನಿಂಬೆವ್ವನ ಬಡಿತ ಬಡಿದಳು, ಮತ್ತೆ ಅದನ್ನೇ ನಿಧಾನಕ್ಕೆ ಬಡಿದಳು.

"ಹಲೋ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಗೊತ್ತಿಲ್ಲ. ಬಂದು ಹೇಳ್ತೀನಿ."

ಮರುದಿನ ಅಜ್ಜನ ಕಾಲು ಮುಟ್ಟಿದಳು. ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಏಳಲಿಲ್ಲ.

"ಏನು?" ಎಂದರು.

"ಅಜ್ಜಾ, ಬರುವಾಗ ನನಗೆ ಒಂದೇ ಗೊಂದಲ ಇತ್ತು. ಈಗ ಹತ್ತಾಗಿದೆ. ನಿಧಾನ ಹಾಡಿದರೆ ನಿಂಬೆವ್ವ ಕಣ್ಣಮುಂದೆ ಬರ್ತಾರೆ, ಜೋರಾಗಿ ಹಾಡು ಅಂತಾರೆ. ಜೋರಾಗಿ ಹಾಡಿದರೆ ಆ ಲಾರಿಯವನು ಬರ್ತಾನೆ, ಮನೆಗೆ ಹೇಗೆ ಹೋಗಲಿ ಅಂತಾನೆ. 'ಹುಟ್ಟು' ಅಂದರೆ ನೀರು ತಳ್ಳಿ ದೋಣಿ ನಡೆಸೋ ಹುಟ್ಟು ಅಂದುಕೊಂಡು ಮೂರು ವರ್ಷ ಹಾಡಿದೆ. ಮೊನ್ನೆ ಹೆಣದ ಮುಂದೆ ಹಾಡುವಾಗ, ಹುಟ್ಟೋದು ಅನ್ನೋ ಹುಟ್ಟು ಅಂತ ಕೇಳಿಸ್ತು. ಈಗ ಯಾವುದು ಅಂತ ಹೇಳಲಾರೆ."

"ಹೂಂ."

"ಸಾವಿನ ಪದವೋ, ಸಂತೋಷದ ಪದವೋ? ಅವಧೂತ ಏನು ಹೇಳೋಕೆ ಹೊರಟಿದ್ದ? ನನಗೇ ತಿಳಿಯದೆ ಅಷ್ಟು ಜನರ ಮುಂದೆ ನಿಂತು ಹೇಗೆ ಹಾಡಲಿ?"

ಅಜ್ಜ ಅವಳನ್ನು ಎತ್ತಿ ನಿಲ್ಲಿಸಿದರು.

"ತಿಳಿದಿದ್ರ ಅಂವ ಯಾಕ ಹಾಡ್ತಿದ್ದ, ಮಗಳೆ?"